ನಮ್ಮ ಹಾಡು, ನಮ್ಮ ಸಿನಿಮಾ ನಮ್ಮ ಹತ್ತಿರವೇ ಇರಬೇಕಾ? ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ, ಡೊಂಬಿವಿಲಿ ಲೋಕಲ್‌ನಲ್ಲಿ ನಿಂತುಕೊಂಡು, ವಾಟ್ಸಾಪ್‌ನಲ್ಲಿ, ಅಪರೂಪಕ್ಕೆ ಕಾಗದದಲ್ಲಿ ಕೂಡ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ನಡೆಯುತ್ತದೆ.

## ಶುರುವಿನಲ್ಲಿ ಕೇಳುವವು

ಎಲ್ಲಾ ಮೊಬೈಲ್‌ನಲ್ಲೇ ಬರುತ್ತಲ್ಲ ಮಾರಾಯ್ರೆ, ಮತ್ತೆ ಮನೆಯಲ್ಲಿ ಯಾಕೆ ಇಟ್ಟುಕೊಳ್ಳೋದು?

ಎಲ್ಲಾ ಬರುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ನಿಮಗೆ ಬಹಳ ಇಷ್ಟವಾದ ಹತ್ತು ಸಂಗತಿ ಬರೆಯಿರಿ. ಸಿನಿಮಾ, ಭಾವಗೀತೆ, ಯಕ್ಷಗಾನ, ನಾಟಕ, ಅಜ್ಜಿ ಹೇಳಿದ ಸೋಬಾನೆ ಪದ, ಏನಾದರೂ ಸರಿ. ಈಗ ನೀವು ದುಡ್ಡು ಕೊಡುತ್ತಿರುವ ಆ್ಯಪ್‌ಗಳಲ್ಲಿ ಒಂದೊಂದಾಗಿ ಹುಡುಕಿ. ಹೊಸ ಹಿಂದಿ ಸಿನಿಮಾ ಥಟ್ಟನೆ ಸಿಗುತ್ತದೆ. ಹಳೆಯ ಕನ್ನಡ ಸಿನಿಮಾ ಕೆಲವು ಸಿಗುತ್ತವೆ, ಕೆಲವು ಇಲ್ಲ. ಊರಿನ ಬಯಲಾಟದ ರೆಕಾರ್ಡಿಂಗ್ ಎಲ್ಲೂ ಇರುವುದಿಲ್ಲ.

ನನ್ನ ಲೆಕ್ಕ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಇದು ಕಳೆದುಹೋದರೆ ಮತ್ತೆ ಸಿಗುತ್ತದಾ? ಸಿಗುತ್ತದೆ ಅಂದರೆ ಆ್ಯಪ್‌ನಲ್ಲೇ ನೋಡಿ, ಆರಾಮಾಗಿರಿ. ಸಿಗುವುದಿಲ್ಲ ಅಂದರೆ ಅದರ ಜವಾಬ್ದಾರಿ ನಿಮ್ಮದೇ. ನಮಗಾಗಿ ಬೇರೆ ಯಾವ ಕಂಪನಿಯೂ ಅದನ್ನು ಇಟ್ಟುಕೊಳ್ಳುವುದಿಲ್ಲ.

ನಾನು ದುಡ್ಡು ಕೊಟ್ಟು ‘ಬೈ’ ಒತ್ತಿದ್ದೇನೆ. ಅಂದ್ಮೇಲೆ ಅದು ನಂದೇ ಅಲ್ವಾ?

ಅಲ್ಲ. ಮುಂಬಯಿಯಲ್ಲಿ ಮನೆ ಬಾಡಿಗೆಗೆ ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಮಾಡಿಕೊಂಡರೆ ಮನೆಯಲ್ಲಿ ಇರಲು ಅನುಮತಿ ಸಿಗುತ್ತದೆ, ಮನೆಯ ಮೇಲೆ ಹಕ್ಕು ಬರುವುದಿಲ್ಲ. ಆ್ಯಪ್‌ನಲ್ಲಿ ಕೊಂಡ ಸಿನಿಮಾ, ಇ-ಪುಸ್ತಕಗಳ ಕತೆಯೂ ಬಹುಪಾಲು ಹೀಗೇ.

ಇದು ಬರೀ ಹೆದರಿಸುವ ಮಾತಲ್ಲ, ಆಗಿಹೋದದ್ದು. 2009ರಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಎರಡು ಪುಸ್ತಕಗಳನ್ನು ಅವರ ಕಿಂಡಲ್‌ನಿಂದ ದೂರದಲ್ಲೇ ಕುಳಿತು ಅಳಿಸಿತು. ಮಾರಿದವರಿಗೆ ಹಕ್ಕೇ ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ಬಂತು, ಪುಸ್ತಕ ಹೋಯಿತು. 2023ರ ಡಿಸೆಂಬರ್‌ನಲ್ಲಿ ಸೋನಿ, ಪ್ಲೇಸ್ಟೇಷನ್‌ನಲ್ಲಿ ಜನ ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳು ಇನ್ನು ಸಿಗುವುದಿಲ್ಲ ಎಂದು ಹೇಳಿ, ಗಲಾಟೆಯಾದ ಮೇಲೆ ಹಿಂದೆ ಸರಿಯಿತು.

ಡಿಸ್ಕ್ ಅಥವಾ ಬೀಗವಿಲ್ಲದ ಫೈಲ್, ಅಂದರೆ ಯಾವ ಆ್ಯಪ್‌ನ ಅನುಮತಿಯೂ ಇಲ್ಲದೆ ತೆರೆಯುವಂಥದ್ದು, ನಿಮ್ಮ ಕೈಯಲ್ಲಿದ್ದರೆ ಈ ತಲೆನೋವು ಇಲ್ಲ. ಬ್ಯಾಂಡ್‌ಕ್ಯಾಂಪ್‌ನಂಥ ವೆಬ್‌ಸೈಟಿನಲ್ಲಿ ಇವತ್ತಿಗೂ ಬೀಗವಿಲ್ಲದ ಹಾಡು ಕೊಳ್ಳಬಹುದು. ಕನ್ನಡದ್ದು ಅಲ್ಲಿ ಕಮ್ಮಿ, ಆದರೆ ಸ್ವಂತವಾಗಿ ಹಾಡು ಬಿಡುಗಡೆ ಮಾಡುವ ಹುಡುಗರು ಕೆಲವರು ಇದ್ದಾರೆ.

ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ರೆ ಸಾಕಲ್ವಾ?

ಊರಿಗೆ ಹೋಗುವ ಪ್ರಯಾಣಕ್ಕೆ ಸಾಕು. ಮತ್ಸ್ಯಗಂಧದಲ್ಲಿ ಕೂತು ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ದಾಟಿದವರಿಗೆ ಗೊತ್ತು. ಅದೊಂದೇ ಆರೂವರೆ ಕಿಲೋಮೀಟರ್ ಇದೆ, ಆಚೆ ಈಚೆ ಇನ್ನೂ ಎಷ್ಟೋ ಇವೆ. ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಅಲ್ಲಿ ಡೌನ್‌ಲೋಡೇ ಗತಿ.

ಆದರೆ ಆ ಡೌನ್‌ಲೋಡಿಗೆ ಬೀಗ ಇರುತ್ತದೆ. ಸ್ಪಾಟಿಫೈ ಆದರೆ 30 ದಿನಕ್ಕೆ ಒಮ್ಮೆಯಾದರೂ ನೆಟ್‌ಗೆ ಜೋಡಿಸಬೇಕು, ಇಲ್ಲದಿದ್ದರೆ ಹಾಡು ಹೋಗುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಸಿನಿಮಾ ನೋಡಲು ಶುರು ಮಾಡಿದ 48 ಗಂಟೆಯಲ್ಲಿ ಅವಧಿ ಮುಗಿಯುತ್ತದೆ. ಚಂದಾ ನಿಲ್ಲಿಸಿದರೆ ಎಲ್ಲವೂ ಹೋಯಿತು. ಇದು ಪ್ರಯಾಣದ ಬುತ್ತಿ ಅಷ್ಟೇ, ಸಂಗ್ರಹ ಅಲ್ಲ.

ಯೂಟ್ಯೂಬ್‌ನಾಗ ಎಲ್ಲಾ ಅದಾವಲ್ರೀ, ಮತ್ಯಾಕ ಇಷ್ಟು ಒದ್ದಾಟ?

ಇದಾವೆ, ನಿಜ. ಯೂಟ್ಯೂಬ್ ಇಲ್ಲದಿದ್ದರೆ ನಮ್ಮ ಅರ್ಧ ಹಳೆ ಹಾಡು ಕೇಳಲು ಸಿಗುತ್ತಲೇ ಇರಲಿಲ್ಲ. ಆದರೆ ಬಹಳಷ್ಟು ಯಾರೋ ಪ್ರೀತಿಯಿಂದ ಏರಿಸಿದ್ದು. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಇಡೀ ಚಾನೆಲ್ಲೇ ಮುಚ್ಚಿಹೋಗುತ್ತದೆ. ಆಗ ಸಿನಿಮಾ ಹಾಡಿನ ಜೊತೆಗೆ ಅದೇ ಚಾನೆಲ್‌ನಲ್ಲಿದ್ದ, ಯಾರ ತಕರಾರೂ ಇಲ್ಲದ ಹರಿಕಥೆಯೂ ಹೋಗುತ್ತದೆ. ಏರಿಸಿದವರ ಮೂಲ ಕ್ಯಾಸೆಟ್ ಯಾರ ಹತ್ತಿರ ಇದೆಯೋ, ಯಾರಿಗೆ ಗೊತ್ತು?

ನೀವೇ ಏರಿಸಿದ್ದರೆ ಮೂಲ ಫೈಲನ್ನು ಅಳಿಸಬೇಡಿ. ‘ಯೂಟ್ಯೂಬ್‌ಗೆ ಹಾಕಿದ್ದೀನಲ್ಲ’ ಎಂದು ಮನೆಯ ಕಾಪಿ ತೆಗೆದುಹಾಕಿದವರನ್ನು ತುಂಬ ಜನರನ್ನು ನೋಡಿದ್ದೇನೆ.

ಹಾಗಾದ್ರೆ ನೆಟ್‌ಫ್ಲಿಕ್ಸ್, ಪ್ರೈಮ್, ಹಾಟ್‌ಸ್ಟಾರ್ ಎಲ್ಲಾ ಬಂದ್ ಮಾಡಬೇಕಾ?

ಬೇಡ. ಒಮ್ಮೆ ನೋಡಿ ಮರೆಯುವಂಥದ್ದಕ್ಕೆ ಅವು ಒಳ್ಳೆಯವು. ಎಲ್ಲವನ್ನೂ ವರ್ಷಪೂರ್ತಿ ಇಟ್ಟುಕೊಳ್ಳಬೇಕಾಗಿಲ್ಲ ಅಷ್ಟೇ. ಒಂದು ತಿಂಗಳು ಒಂದು, ಇನ್ನೊಂದು ತಿಂಗಳು ಇನ್ನೊಂದು.

ಅಲ್ಲಿನ ನಿಯಮ ಮಾತ್ರ ನಿಮ್ಮ ಕೈಯಲ್ಲಿಲ್ಲ ಎಂಬುದು ನೆನಪಿರಲಿ. ಅಮೆಜಾನ್ ಪ್ರೈಮ್ 2016ರಲ್ಲಿ ಭಾರತಕ್ಕೆ ಬಂದಾಗ ವರ್ಷಕ್ಕೆ 499 ರೂಪಾಯಿ. ಆಮೇಲೆ 999. 2021ರ ಡಿಸೆಂಬರ್‌ನಲ್ಲಿ 1,499. 2025ರ ಜೂನ್‌ನಲ್ಲಿ ನಡುವೆ ಜಾಹೀರಾತು ಬಂತು, ಅದು ಬೇಡ ಅಂದರೆ ಇನ್ನಷ್ಟು ದುಡ್ಡು. 2023ರ ಮಾರ್ಚ್ 31ಕ್ಕೆ ಎಚ್‌ಬಿಒದ ಸರಣಿಗಳೆಲ್ಲ ಹಾಟ್‌ಸ್ಟಾರ್ ಬಿಟ್ಟು ಹೋದವು, ಆಮೇಲೆ ಜಿಯೋಸಿನಿಮಾದಲ್ಲಿ ಕಾಣಿಸಿದವು. 2025ರ ಫೆಬ್ರವರಿಯಲ್ಲಿ ಆ ಎರಡು ಆ್ಯಪ್‌ಗಳೇ ಸೇರಿ ಒಂದಾದವು. ನೋಡುವವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮನೆ ತುಂಬ ಹಳೇದು ಇದೆ. ಯಾವುದನ್ನು ಮೊದಲು ಉಳಿಸೋದು?

ಮನೆಯವರ ದನಿ ಮೊದಲು. ಅಪ್ಪ ಮಾತಾಡಿದ್ದು, ಅಜ್ಜಿ ಹಾಡಿದ್ದು, ಮಗುವಿನ ನಾಮಕರಣ. ಆಮೇಲೆ ಸಂಘದ, ದೇವಸ್ಥಾನದ, ಊರಿನ ಕಾರ್ಯಕ್ರಮದ ರೆಕಾರ್ಡಿಂಗ್. ಆಮೇಲೆ ಈಗ ಅಂಗಡಿಯಲ್ಲಿ ಸಿಗದ ಕನ್ನಡ ಕ್ಯಾಸೆಟ್, ಸಿಡಿ, ಡಿವಿಡಿ. ಹಿಂದಿ ಮತ್ತು ಇಂಗ್ಲಿಷ್ ಸಿನಿಮಾ ಕಟ್ಟಕಡೆಗೆ. ಅವನ್ನು ಉಳಿಸಲು ಬೇರೆ ಜನ ಇದ್ದಾರೆ.

ದೊಡ್ಡವರೇ ಉಳಿಸಲಾಗದೆ ಹೋದದ್ದು ಬೇಕಾದಷ್ಟಿದೆ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಚಿತ್ರೀಕರಣವಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಇವತ್ತು ಅದರ ಪ್ರಿಂಟ್ ಇಲ್ಲ. ದೇಶದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರಲ್ಲಿ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಶುರುವಾಯಿತು. ಅದೂ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಹೋಗಿಯಾಗಿತ್ತು. ಸಾವಿರಾರು ಜನ ನೋಡಿದ ಸಿನಿಮಾಕ್ಕೇ ಹೀಗಾದರೆ, ಒಂದೇ ಒಂದು ಕ್ಯಾಸೆಟ್‌ನಲ್ಲಿರುವ ನಿಮ್ಮ ಅಜ್ಜಿಯ ಹಾಡಿನ ಬಗ್ಗೆ ಏನು ಹೇಳಲಿ?

## ಸಾಮಾನು, ಜಾಗ, ಖರ್ಚು

ನಮ್ಮದು ಒನ್ ಆರ್‌ಕೆ, ಒಂದು ರೂಮು ಒಂದು ಅಡುಗೆಮನೆ. ಇದನ್ನೆಲ್ಲ ಎಲ್ಲಿ ಇಡೋದು?

ಜಾಗದ ಚಿಂತೆ ಬೇಡ. ಅಂಗೈಯಷ್ಟು ದೊಡ್ಡ ಪೋರ್ಟಬಲ್ ಹಾರ್ಡ್ ಡಿಸ್ಕ್‌ನಲ್ಲಿ ಇಡೀ ಕಪಾಟಿನ ಮಾಲು ಹಿಡಿಯುತ್ತದೆ. ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಕವರ್ ಇರುವ ಫೈಲ್‌ಗೆ ಹಾಕಿದರೆ ನೂರು ಡಿಸ್ಕ್ ಒಂದು ಆಲ್ಬಮ್ಮಿನಷ್ಟಾಗುತ್ತದೆ. ಹೆಸರು, ಕಲಾವಿದರ ಪಟ್ಟಿ ಇರುವ ಕಾಗದವನ್ನು ಮಾತ್ರ ರದ್ದಿಗೆ ಹಾಕಬೇಡಿ.

ಎಷ್ಟು ಟಿಬಿ ತಗೊಳ್ಳಲಿ?

ಲೆಕ್ಕ ಹಾಕೋಣ. 320 ಕೆಬಿಪಿಎಸ್ ಎಂಪಿ3 ಆದರೆ ನಾಲ್ಕು ನಿಮಿಷದ ಹಾಡು ಸುಮಾರು 10 ಎಂಬಿ. 90 ನಿಮಿಷದ ಕ್ಯಾಸೆಟನ್ನು ಒಂದೇ ಚಾನೆಲ್‌ನಲ್ಲಿ (ಮೊನೊ), ಏನೂ ಕುಗ್ಗಿಸದೆ ಇಟ್ಟರೆ ಸುಮಾರು 476 ಎಂಬಿ. ಅಂದರೆ 50 ಕ್ಯಾಸೆಟ್ 24 ಜಿಬಿಯಲ್ಲಿ ಮುಗಿಯುತ್ತದೆ. ಮಾಮೂಲಿ ಡಿವಿಡಿ 4.7 ಜಿಬಿ, ಹಾಗಾಗಿ 1 ಟಿಬಿಗೆ ಸುಮಾರು 200 ಡಿವಿಡಿ. ಎರಡು ಪದರದ 8.5 ಜಿಬಿಯವು ಆದರೆ 110ರ ಸುಮಾರು.

ಬರೀ ಹಾಡು, ತಾಳಮದ್ದಳೆ, ಫೋಟೋ ಇರುವ ಮನೆಗೆ 1 ಟಿಬಿ ಧಾರಾಳ. ಸಿನಿಮಾ ಜಾಸ್ತಿ ಇದ್ದರೆ 4 ಟಿಬಿ. ಯಾವುದೇ ಆಗಲಿ, ಎರಡು ತಗೊಳ್ಳಿ. ದುಡ್ಡು ಕಮ್ಮಿ ಇದ್ದರೆ ಒಂದು ದೊಡ್ಡದರ ಬದಲು ಎರಡು ಚಿಕ್ಕದು. ಅಂದಹಾಗೆ 1 ಟಿಬಿ ಡಿಸ್ಕ್ ಕಂಪ್ಯೂಟರಿನಲ್ಲಿ 931 ಜಿಬಿ ಎಂದು ಕಾಣುತ್ತದೆ. ಮೋಸ ಅಲ್ಲ, ಎಣಿಸುವ ರೀತಿ ಬೇರೆ.

ಲ್ಯಾಮಿಂಗ್ಟನ್ ರೋಡ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ. ತಗೊಳ್ಳಬಹುದಾ?

ಬಿಲ್ ಕೊಡುವ ಅಂಗಡಿಯಾದರೆ ಖಂಡಿತ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ನಾಲ್ಕು ಕಡೆ ರೇಟ್ ಕೇಳಬಹುದು. ಡಬ್ಬಿಯ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಲ್ಲಿಯವರೆಗೆ ಇದೆ ಎಂದು ಅಲ್ಲೇ ನೋಡಿ. ಮನೆಗೆ ಬಂದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಂ ಹಾಕಿ, ಡಿಸ್ಕ್ ಎಷ್ಟು ಗಂಟೆ ಓಡಿದೆ ನೋಡಿ. ಹೊಸದು ಎಂದು ಕೊಟ್ಟದ್ದು ಸಾವಿರಾರು ಗಂಟೆ ಓಡಿದ್ದರೆ ವಾಪಸ್ ಕೊಡಿ.

ಫುಟ್‌ಪಾತಿನಲ್ಲಿ ‘2 ಟಿಬಿ ಪೆನ್‌ಡ್ರೈವ್’ ಎಂದು ಚಿಲ್ಲರೆ ದುಡ್ಡಿಗೆ ಕೊಡುವುದನ್ನು ಮುಟ್ಟಬೇಡಿ. ಅದರೊಳಗೆ ಇರುವುದು ಕೆಲವೇ ಜಿಬಿ. ಹೆಸರಿಗೆ ಎಲ್ಲಾ ಫೈಲ್ ಕಾಣಿಸುತ್ತದೆ, ತೆರೆದರೆ ಏನೂ ಇರುವುದಿಲ್ಲ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪ್ರೋಗ್ರಾಂ ಓಡಿಸಿ, ನಿಜವಾದ ಅಳತೆ ಹೇಳುತ್ತದೆ.

ಮುಂಬಯಿ ಮಳೆಗಾಲದಲ್ಲಿ ಕ್ಯಾಸೆಟ್‌ಗೆಲ್ಲ ಬೂಸ್ಟು ಬರುತ್ತೆ. ಏನು ಮಾಡೋದು?

ಹೊರಗೋಡೆಗೆ ತಾಗಿಸಿಟ್ಟ ಗೋದ್ರೆಜ್ ಕಪಾಟಿನಲ್ಲಿ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ಬೆವರುತ್ತಲೇ ಇರುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜೆಲ್ ತಗೊಂಡರೆ ಯಾವಾಗ ಒಣಗಿಸಬೇಕು ಎಂದು ತಿಳಿಯುತ್ತದೆ. ಹಾರ್ಡ್ ಡಿಸ್ಕನ್ನು ಎರಡು ಮೂರು ತಿಂಗಳಿಗೆ ಒಮ್ಮೆಯಾದರೂ ಜೋಡಿಸಿ ಓಡಿಸಿ. ಎಸ್‌ಎಸ್‌ಡಿ ಮತ್ತು ಪೆನ್‌ಡ್ರೈವ್ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿಸಲು ಅಲ್ಲ. ಕರೆಂಟ್ ಇಲ್ಲದೆ ಬಹಳ ಕಾಲ ಬಿಟ್ಟರೆ ಒಳಗಿನ ಮಾಹಿತಿ ನಿಧಾನವಾಗಿ ಅಳಿಯುತ್ತದೆ.

ಕ್ಯಾಸೆಟ್‌ನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ ಕಂಡರೆ ಪ್ಲೇಯರ್‌ಗೆ ಹಾಕಲೇಬೇಡಿ. ಆ ಬೂಸ್ಟು ಪ್ಲೇಯರ್‌ನ ಹೆಡ್ಡಿಗೆ ಅಂಟಿ ಮುಂದಿನ ಒಳ್ಳೆಯ ಕ್ಯಾಸೆಟ್‌ಗೂ ಹೋಗುತ್ತದೆ. ಬೇರೆ ಚೀಲಕ್ಕೆ ಹಾಕಿ ಪಕ್ಕಕ್ಕಿಡಿ, ಗೊತ್ತಿದ್ದವರ ಕೈಯಲ್ಲಿ ಮೊದಲು ಕ್ಲೀನ್ ಮಾಡಿಸಿ.

ಸಿನಿಮಾ ಪೆನ್‌ಡ್ರೈವ್‌ಗೆ ಹೋಗ್ತಾನೇ ಇಲ್ಲ, ಜಾಗ ಇದ್ರೂ!

ಪೆನ್‌ಡ್ರೈವ್ ಎಫ್‌ಎಟಿ32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿ, ಸರಿಹೋಗುತ್ತದೆ. ಬದಲಾಯಿಸುವಾಗ ಒಳಗಿದ್ದದ್ದೆಲ್ಲ ಅಳಿಯುತ್ತದೆ, ಮೊದಲು ಬೇರೆ ಕಡೆ ಕಾಪಿ ಮಾಡಿ.

## ಹಳೆ ಕ್ಯಾಸೆಟ್, ಹಳೆ ಡಿಸ್ಕ್

ಅಪ್ಪ ರೆಕಾರ್ಡ್ ಮಾಡಿದ ತಾಳಮದ್ದಳೆ ಕ್ಯಾಸೆಟ್ ಒಂದು ಪೆಟ್ಟಿಗೆ ಇದೆ. ಕಂಪ್ಯೂಟರ್‌ಗೆ ಹೇಗೆ ತರೋದು?

ಇದಕ್ಕೆ ಉದ್ದದ ಉತ್ತರ ಬೇಕು, ಯಾಕೆಂದರೆ ನಿಜವಾದ ಕೆಲಸ ಇದೇ.

ಮೊದಲು ಕ್ಯಾಸೆಟ್‌ನ ಬೆನ್ನು ನೋಡಿ. ಟೇಪ್ ಕಾಣುವ ಬದಿಯ ಎದುರಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಪ್ಪೆಗಳಿರುತ್ತವೆ. ಇನ್ನೂ ಇದ್ದರೆ ಮುರಿದುಹಾಕಿ. ಅವು ಇಲ್ಲದಿದ್ದರೆ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಯುವುದಿಲ್ಲ. ಟೇಪಿನ ನಡುವೆ ಒಳಗಡೆ ಚಿಕ್ಕ ಬಟ್ಟೆಯ ಪ್ಯಾಡ್ ಇದೆಯಾ ನೋಡಿ. ಅದು ಉದುರಿದ್ದರೆ ದನಿ ಮಂಕಾಗಿ, ಹೋಗಿ ಬಂದು ಮಾಡುತ್ತದೆ. ಸಿ-60 ಟೇಪ್ ಗಟ್ಟಿ, ಸಿ-90 ತೆಳು, ಸಿ-120 ಇನ್ನೂ ತೆಳು. ಇಡೀ ರಾತ್ರಿಯ ಪ್ರಸಂಗ ಹಿಡಿಸಲು ಬಹಳ ಜನ ಸಿ-90 ಬಳಸಿದ್ದಾರೆ. ಅದನ್ನು ಜೋರಾಗಿ ಹಿಂದೆ ಮುಂದೆ ಓಡಿಸಬೇಡಿ.

ಪ್ಲೇಯರ್ ಚೆನ್ನಾಗಿರಬೇಕು. ಹತ್ತಾರು ವರ್ಷ ಸುಮ್ನೆ ಬಿದ್ದಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಕರಗಿ ಟಾರಿನಂತಾಗಿರುತ್ತದೆ, ಬದಲಾಯಿಸಿ. ಹೆಡ್ಡನ್ನು ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇದೆ. ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿದರೆ ಒಂದು ಜಾಗದಲ್ಲಿ ಭಾಗವತರ ಜಾಗಟೆ ಟಣ್ ಎಂದು ತಿಳಿಯಾಗಿ ಕೇಳುತ್ತದೆ. ಅಲ್ಲೇ ನಿಲ್ಲಿಸಿ. ಬೇರೆ ಟೇಪ್‌ರೆಕಾರ್ಡರ್‌ನಲ್ಲಿ ಮಾಡಿದ ಕ್ಯಾಸೆಟ್‌ಗೆ ಹೀಗೆ ಮತ್ತೆ ಹೊಂದಿಸಬೇಕಾಗುತ್ತದೆ. ಮಂಕಾಗಿದೆ ಎಂದು ಬಿಟ್ಟುಬಿಟ್ಟ ಕ್ಯಾಸೆಟ್‌ಗಳು ಈ ಒಂದು ಸ್ಕ್ರೂನಿಂದ ಬಾಯಿ ಬಿಟ್ಟದ್ದನ್ನು ಕೇಳಿದಾಗ ಆಗುವ ಖುಷಿ ಹೇಳಲಾರೆ.

ಪ್ಲೇಯರ್‌ನಿಂದ ಕಂಪ್ಯೂಟರ್‌ಗೆ ತಂತಿ ಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೊರಗಿನ ದನಿ ಒಳಗೆ ತರುವ ಲೈನ್-ಇನ್ ಇರುವುದಿಲ್ಲ, ಅದಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಪ್ರೋಗ್ರಾಂ ಹಾಕಿ, ಪುಕ್ಕಟೆ. 90 ನಿಮಿಷದ ಕ್ಯಾಸೆಟ್‌ಗೆ 90 ನಿಮಿಷವೇ ಹಿಡಿಯುತ್ತದೆ, ಬೇಗ ಮಾಡುವ ದಾರಿ ಹುಡುಕಬೇಡಿ. ದನಿಯ ಮಟ್ಟ ಕಮ್ಮಿ ಇಡಿ. ಅರ್ಥಧಾರಿಗಳ ಮಾತಿಗೆ ಹೊಂದಿಸಿ ಕೂತರೆ ಒಮ್ಮೆಗೇ ಚೆಂಡೆ ಬಿದ್ದಾಗ ದನಿ ಒಡೆಯುತ್ತದೆ, ಆಮೇಲೆ ಸರಿ ಮಾಡಲು ಆಗುವುದಿಲ್ಲ. ಪದ್ಯದ ಜೋರಾದ ಜಾಗದಲ್ಲಿ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಡಿ.

ಮೊದಲು ಎಫ್‌ಎಲ್‌ಎಸಿ (FLAC) ಎಂಬ ಬಗೆಯ ಫೈಲಿನಲ್ಲಿ ಉಳಿಸಿ. ಅದರಲ್ಲಿ ಏನೂ ಕಳೆದುಹೋಗುವುದಿಲ್ಲ. ಹಂಚಲು ಬೇಕಾದರೆ ಅದರಿಂದ ಎಂಪಿ3 ಮಾಡಿ. ಸರಸರ ಶಬ್ದ ತೆಗೆಯುವ ಆಸೆ ಬಂದರೆ ಕಾಪಿಯ ಮೇಲೆ ಮಾಡಿ. ಮೂಲ ಹಾಗೇ ಇರಲಿ.

ಎಲ್ಲಕ್ಕಿಂತ ಮುಖ್ಯ: ಪ್ರಸಂಗ, ಭಾಗವತರು, ಮದ್ದಳೆ-ಚೆಂಡೆ, ಅರ್ಥಧಾರಿಗಳು ಮತ್ತು ಅವರ ಪಾತ್ರ, ಜಾಗ, ವರ್ಷ. ಅಂದಾಜು ವರ್ಷವಾದರೂ ಬರೆಯಿರಿ. ದನಿ ಕೇಳಿ ‘ಇವರು ಇಂಥವರು’ ಎಂದು ಗುರುತಿಸುವ ಹಿರಿಯರು ಇವತ್ತು ಇದ್ದಾರೆ. ಕುರ್ಲಾದಲ್ಲೋ ಸಾಂತಾಕ್ರೂಜ್‌ನಲ್ಲೋ ಸಂಘದ ಕಾರ್ಯಕ್ರಮಕ್ಕೆ ಬಂದಾಗ ಫೋನ್‌ನಲ್ಲೇ ಎರಡು ನಿಮಿಷ ಕೇಳಿಸಿ, ಹೆಸರು ಬರೆದುಕೊಳ್ಳಿ. ಕ್ಯಾಸೆಟ್ ಇನ್ನು ಐದು ವರ್ಷ ಕಾದರೂ ಕಾಯಬಹುದು, ಈ ಕೆಲಸ ಕಾಯುವುದಿಲ್ಲ.

ಅಂಗಡಿಯವರಿಗೆ ಕೊಟ್ಟು ಮಾಡಿಸಿದ್ರೆ ಆಗಲ್ವಾ?

ಆಗುತ್ತದೆ. ಮೊದಲು ಅಷ್ಟೇನೂ ಮುಖ್ಯವಲ್ಲದ ಒಂದು ಕ್ಯಾಸೆಟ್ ಕೊಟ್ಟು ನೋಡಿ. ಬರೀ ಎಂಪಿ3 ಕೊಡುತ್ತಾರೋ, ಮೂಲ ಫೈಲನ್ನೂ ಕೊಡುತ್ತಾರೋ ಕೇಳಿ. ಕ್ಯಾಸೆಟ್‌ಗಳಿಗೆ ನಂಬರ್ ಹಾಕಿ, ಫೋಟೋ ತೆಗೆದುಕೊಂಡು ಕೊಡಿ.

ಮದುವೆಯ ವಿಡಿಯೋ ಕ್ಯಾಸೆಟ್ ಇದೆ, ವಿಸಿಆರ್ ಇಲ್ಲ.

ಇದಕ್ಕೆ ಅವಸರ ಮಾಡಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನ್ನಲಾದ ಜಪಾನಿನ ಫುನಾಯ್ 2016ರಲ್ಲೇ ನಿಲ್ಲಿಸಿತು. ಈಗ ಇರುವವೆಲ್ಲ ಹಳೆಯವು, ರಿಪೇರಿ ಮಾಡುವವರೂ ಕಮ್ಮಿಯಾಗುತ್ತಿದ್ದಾರೆ. ಒಂದಿಬ್ಬರು ನೆಂಟರು ಸೇರಿ ಒಂದು ಒಳ್ಳೆಯ ವಿಸಿಆರ್ ಬಾಡಿಗೆಗೋ ಕ್ರಯಕ್ಕೋ ತಂದು ಎಲ್ಲರ ಮದುವೆಯನ್ನೂ ಒಟ್ಟಿಗೆ ಮುಗಿಸುವುದು ಒಳ್ಳೆಯದು. ಯುಎಸ್‌ಬಿ ಕ್ಯಾಪ್ಚರ್ ಸಾಧನ ಹಾಕಿ, ನಮ್ಮ ದೇಶದ ಟಿವಿ ಪದ್ಧತಿಯಾದ ಪಿಎಎಲ್ (PAL) ಎಂದು ಆಯ್ಕೆ ಮಾಡಿ.

ಸಿಡಿ, ವಿಸಿಡಿ, ಡಿವಿಡಿ ತುಂಬ ಇವೆ. ಕಾಪಿ ಮಾಡೋದು ಕಾನೂನಿಗೆ ವಿರುದ್ಧ ಅಂತಾರಲ್ಲ?

ಮೊದಲು ಕಾನೂನು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಖಾಸಗಿ ಅಥವಾ ಸ್ವಂತ ಬಳಕೆಗೆ ನ್ಯಾಯವಾದ ರೀತಿಯಲ್ಲಿ ಬಳಸಲು ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿಸಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ ಎನ್ನುತ್ತದೆ. ಅಲ್ಲಿ ಉದ್ದೇಶವೇ ಮುಖ್ಯ. ಆಡಿಯೋ ಸಿಡಿ, ವಿಸಿಡಿಗಳಿಗೆ ಸಾಮಾನ್ಯವಾಗಿ ಬೀಗವೇ ಇಲ್ಲ. ಅಂಗಡಿಯ ಡಿವಿಡಿಗಳಿಗೆ ಇರುತ್ತದೆ. ನೀವು ಕೊಂಡ ಡಿಸ್ಕಿನ ಕಾಪಿ ನಿಮ್ಮ ಮನೆಯಲ್ಲೇ ಇರಲಿ. ಮಾರುವುದು, ವಾಟ್ಸಾಪ್‌ನಲ್ಲಿ ಹಂಚುವುದು, ಸೊಸೈಟಿ ಗಣಪತಿಯಲ್ಲಿ ಪರದೆ ಕಟ್ಟಿ ತೋರಿಸುವುದು ಬೇರೆಯೇ ವಿಷಯ. ಹೊಸ ಸಿನಿಮಾ ಪೆನ್‌ಡ್ರೈವ್‌ಗೆ ತುಂಬಿಸಿಕೊಡುವವರ ಹತ್ತಿರ ಹೋಗಲೇಬೇಡಿ. ಮೊದಲೇ ಚಿಕ್ಕದಾದ ಕನ್ನಡ ಮಾರುಕಟ್ಟೆಗೆ ಅದು ನೇರ ಪೆಟ್ಟು.

ಈಗ ಕೆಲಸ. ಆಡಿಯೋ ಸಿಡಿಗೆ ‘ಎಕ್ಸಾಕ್ಟ್ ಆಡಿಯೋ ಕಾಪಿ’ ಎಂಬ ಪ್ರೋಗ್ರಾಂ ಒಳ್ಳೆಯದು. ಗೀರು ಬಿದ್ದ ಜಾಗವನ್ನು ಮತ್ತೆ ಮತ್ತೆ ಓದಿ ಸರಿಯಾದ್ದನ್ನು ತೆಗೆಯುತ್ತದೆ. ವಿಸಿಡಿ ಮೂಲದಲ್ಲೇ ಮಬ್ಬು, 352ಕ್ಕೆ 288 ಚುಕ್ಕಿ ಅಷ್ಟೇ. ಅದನ್ನು ದೊಡ್ಡದು ಮಾಡಲು ಹೋಗದೆ ಇದ್ದ ಹಾಗೇ ಇಟ್ಟುಕೊಳ್ಳಿ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಕೊಡಲು ಶುರುಮಾಡಿದಾಗ ನಮ್ಮಲ್ಲಿ ಬಹಳ ಮನೆಗಳಲ್ಲಿ ರಾಶಿ ಬಿತ್ತು. ಆ ರಾಶಿಯನ್ನು ಕಸ ಎಂದು ಎಸೆಯುವ ಮೊದಲು ಒಂದೊಂದೇ ಹೆಸರು ಹುಡುಕಿ ನೋಡಿ. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಮತ್ತೆ ಕೊಳ್ಳೋಣ ಅಂದರೆ ಈಗ ಅಂಥ ಅಂಗಡಿ ಇಲ್ಲ.

ಫೈಲ್ ಹೆಸರು ಕನ್ನಡದಲ್ಲಿ ಇಡಲೋ, ಇಂಗ್ಲಿಷ್‌ನಲ್ಲೋ?

ಎರಡೂ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಒಳಗಿನ ಮಾಹಿತಿ ಕನ್ನಡದಲ್ಲಿ. ಎಷ್ಟೋ ಕಾರ್ ಸ್ಟೀರಿಯೋ ಕನ್ನಡ ಅಕ್ಷರದ ಬದಲು ಚೌಕ ತೋರಿಸುತ್ತವೆ, ಯಾವ ಹಾಡು ಎಂದೇ ತಿಳಿಯುವುದಿಲ್ಲ. ಕನ್ನಡ ಟೈಪ್ ಮಾಡುವಾಗ ಯೂನಿಕೋಡ್ ಇರಲಿ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಮಾಡಿದ ಪಟ್ಟಿ ಇದ್ದರೆ ಈಗಲೇ ಬದಲಾಯಿಸಿ, ಇಲ್ಲದಿದ್ದರೆ ಹುಡುಕಲು ಆಗುವುದಿಲ್ಲ. ಇಂಗ್ಲಿಷ್‌ನಲ್ಲಿ ಒಂದೇ ಹೆಸರನ್ನು ಮೂರು ಥರ ಬರೆಯುವುದು ನಮ್ಮ ಅಭ್ಯಾಸ. ಒಂದನ್ನು ಆರಿಸಿ, ಅದನ್ನೇ ಬಳಸಿ.

ನಮ್ಮ ಮಕ್ಕಳು ಇದನ್ನೆಲ್ಲ ಕೇಳೋದೇ ಇಲ್ಲ. ಯಾರಿಗೋಸ್ಕರ ಮಾಡೋದು?

ಈ ಪ್ರಶ್ನೆ ಕೇಳುವಾಗ ತಾಯಂದಿರ ದನಿ ಸಣ್ಣದಾಗುತ್ತದೆ. ಮರಾಠಿ, ಹಿಂದಿ, ಇಂಗ್ಲಿಷ್ ನಡುವೆ ಬೆಳೆದ ಮಕ್ಕಳು ಮೂರು ಗಂಟೆಯ ತಾಳಮದ್ದಳೆಗೆ ಕೂರುವುದಿಲ್ಲ, ನಿಜ. ಫೋಲ್ಡರ್ ತೋರಿಸಿದರೆ ಯಾರೂ ಬರುವುದಿಲ್ಲ. ಅಜ್ಜನ ಒಂದು ಮಾತು, ಅಜ್ಜಿಯ ಒಂದು ಪದ ಕತ್ತರಿಸಿ ಎರಡು ನಿಮಿಷದ್ದು ಮಾಡಿ. ಅವರ ಫೋಟೋ ಹಾಕಿ ಟಿವಿಯಲ್ಲಿ ಬರುವ ಹಾಗೆ ಮಾಡಿ. ‘ಇದು ಯಾರಮ್ಮಾ?’ ಎಂದು ಕೇಳುತ್ತಾರೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಶುರುವಾದದ್ದು ಹೀಗೇ. ಕೇಳದಿದ್ದರೂ ಪರವಾಗಿಲ್ಲ. ನಲವತ್ತು ದಾಟಿದ ಮೇಲೆ ಹುಡುಕಿಕೊಂಡು ಬರುವವರು ಬಹಳ, ಆಗ ಸಿಗಬೇಕು ಅಷ್ಟೇ.

## ಸ್ವಲ್ಪ ಮುಂದೆ ಹೋದವರಿಗೆ

ಟಿವಿಯಲ್ಲಿ ನೆಟ್‌ಫ್ಲಿಕ್ಸ್ ಥರ ಪೋಸ್ಟರ್ ಕಾಣಿಸೋ ಹಾಗೆ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. ಮನೆಯವರೆಲ್ಲ ಬಳಸುವುದು ಆಗಲೇ. ನನ್ನ ಆಯ್ಕೆ ಜೆಲ್ಲಿಫಿನ್. ಒಂದು ಕಂಪ್ಯೂಟರಿಗೆ ಹಾಕಿದರೆ ಅದರಲ್ಲಿರುವ ಸಿನಿಮಾ, ಹಾಡು ಮನೆಯ ಟಿವಿಗೆ ಬರುತ್ತದೆ. ಪುಕ್ಕಟೆ, ಮುಕ್ತ ತಂತ್ರಾಂಶ, 2018ರಲ್ಲಿ ‘ಎಂಬಿ’ (Emby) ಎಂಬ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಪ್ಲೆಕ್ಸ್ ಕೂಡ ಚೆನ್ನಾಗಿದೆ, ಆದರೆ ಅದಕ್ಕೆ ಕಂಪನಿಯ ಖಾತೆ ಬೇಕು.

ಹೊಸ ಯಂತ್ರ ಕೊಳ್ಳುವ ಮೊದಲು ಮೂಲೆಯಲ್ಲಿರುವ ಹಳೆ ಲ್ಯಾಪ್‌ಟಾಪ್ ನೋಡಿ. ಬ್ಯಾಟರಿ ಇನ್ನೂ ಚೆನ್ನಾಗಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಮುಚ್ಚಿದಾಗ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸಿ, ರೂಟರ್‌ಗೆ ವೈಫೈ ಬದಲು ತಂತಿಯಿಂದ ಜೋಡಿಸಿ. ಫೋಲ್ಡರಿನ ಹೆಸರಲ್ಲಿ ಸಿನಿಮಾ ಹೆಸರು, ಬ್ರಾಕೆಟ್‌ನಲ್ಲಿ ವರ್ಷ ಇದ್ದರೆ ಪೋಸ್ಟರ್ ತಾನೇ ಬರುತ್ತದೆ. ಯಕ್ಷಗಾನ, ಮದುವೆ ವಿಡಿಯೋಗಳಿಗೆ ಬೇರೆ ಲೈಬ್ರರಿ ಮಾಡಿ, ಪೋಸ್ಟರ್ ಹುಡುಕುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ನಿಮ್ಮ ಅತ್ತೆಯ ಷಷ್ಟ್ಯಬ್ದಿಗೆ ಯಾವುದೋ ಇಂಗ್ಲಿಷ್ ಸಿನಿಮಾದ ಚಿತ್ರ ಬಂದು ಕೂರುತ್ತದೆ.

ವಿಡಿಯೋ ಎಚ್.264 ಎಂಬ ಕುಗ್ಗಿಸುವ ರೀತಿಯಲ್ಲಿ ಇದ್ದರೆ ಹಳೆಯ ಟಿವಿಯೂ ನೇರವಾಗಿ ಓದುತ್ತದೆ. ಎಚ್.265 ಆದರೆ ಜಾಗ ಕಮ್ಮಿ, ಆದರೆ ಹಳೆ ಲ್ಯಾಪ್‌ಟಾಪ್ ಅದನ್ನು ಬದಲಾಯಿಸಿ ಕೊಡಲು ಏದುಸಿರು ಬಿಡುತ್ತದೆ. ವಿದ್ಯುತ್ ಖರ್ಚು: 20 ವಾಟಿನ ಯಂತ್ರ ದಿನವಿಡೀ ಓಡಿದರೆ ತಿಂಗಳಿಗೆ 14-15 ಯೂನಿಟ್.

ಎನ್‌ಎಎಸ್‌ನಲ್ಲಿ ಎರಡು ಡಿಸ್ಕ್ ರೇಡ್ ಮಾಡಿದ್ದೇನೆ. ಇನ್ನು ಬ್ಯಾಕಪ್ ಬೇಡ ಅಲ್ವಾ?

ಬೇಕು. ಎನ್‌ಎಎಸ್ ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ, ಇಲ್ಲಿ ರೇಡ್ ಅಂದರೆ ಎರಡು ಡಿಸ್ಕಿನಲ್ಲೂ ಒಂದೇ ಮಾಲು. ರೇಡ್ ಕಾಪಾಡುವುದು ಒಂದು ಡಿಸ್ಕ್ ಸತ್ತಾಗ ಮಾತ್ರ. ನೀವು ತಪ್ಪಿ ಅಳಿಸಿದರೆ ಎರಡರಲ್ಲೂ ಆ ಕ್ಷಣವೇ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ನೀರು ನುಗ್ಗಿದರೆ ಎರಡೂ ಒದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಹಡಿಯ ಮನೆಗಳಲ್ಲಿ ಆಲ್ಬಮ್, ಕ್ಯಾಸೆಟ್ ಎಲ್ಲಾ ಕೆಸರಾದವು.

ಮೂರು ಕಾಪಿ, ಎರಡು ಬೇರೆ ಸಾಧನ, ಒಂದು ಬೇರೆ ಊರಿನಲ್ಲಿ. ನಮಗೆ ಮೂರನೆಯದು ಸುಲಭ, ಊರು ಇದ್ದೇ ಇದೆ. ವರ್ಷಕ್ಕೊಮ್ಮೆ ಹೋಗುವಾಗ ಹೊಸ ಡಿಸ್ಕ್ ಒಯ್ದು ಹಳೆಯದನ್ನು ವಾಪಸ್ ತನ್ನಿ. ಎನ್‌ಎಎಸ್‌ಗೆ ಡಿಸ್ಕ್ ಕೊಳ್ಳುವಾಗ ಸಿಎಂಆರ್ ಬಗೆಯದ್ದೇ ಕೇಳಿ. ಎಸ್‌ಎಂಆರ್ ಬಗೆಯದು ಒಂದು ಡಿಸ್ಕ್ ಸತ್ತು ಮತ್ತೆ ತುಂಬಿಸುವಾಗ ಬಹಳ ಸತಾಯಿಸುತ್ತದೆ.

ಅಮ್ಮ ಊರಲ್ಲಿದ್ದಾರೆ. ಠಾಣೆಯ ಮನೆಯಲ್ಲಿರೋದನ್ನು ಅವರು ಅಲ್ಲಿಂದ ನೋಡಬಹುದಾ?

ನೋಡಬಹುದು. ಆದರೆ ಈಗ ಹೆಚ್ಚಿನ ಇಂಟರ್‌ನೆಟ್ ಕಂಪನಿಗಳು ಒಂದೇ ಹೊರವಿಳಾಸವನ್ನು ಬಹಳ ಮನೆಗಳಿಗೆ ಹಂಚುತ್ತವೆ, ಹಾಗಾಗಿ ಹೊರಗಿನಿಂದ ನೇರವಾಗಿ ನಿಮ್ಮ ಮನೆಗೆ ಬರಲಾಗುವುದಿಲ್ಲ. ಟೇಲ್‌ಸ್ಕೇಲ್ ಎಂಬ ಪ್ರೋಗ್ರಾಂ ಎರಡೂ ಕಡೆ ಹಾಕಿದರೆ ಆ ತೊಡಕು ಹೋಗುತ್ತದೆ, ಮನೆಯ ಯಂತ್ರ ಇಡೀ ಲೋಕಕ್ಕೆ ತೆರೆದಿರುವುದೂ ಇಲ್ಲ. ಊರಿನ ನೆಟ್ ನಿಧಾನವಾಗಿದ್ದರೆ ವಿಡಿಯೋ ಬಿಟ್ಟು ಆಡಿಯೋ ಕಳಿಸಿ. ನಿಜ ಹೇಳಬೇಕೆಂದರೆ ಅಮ್ಮನಿಗೆ ಒಂದು ಪೆನ್‌ಡ್ರೈವ್ ಮತ್ತು ಅದನ್ನು ಓದುವ ರೇಡಿಯೋ ಕೊಟ್ಟರೆ ಇದಕ್ಕಿಂತ ಖುಷಿ.

ಫೈಲ್ ಒಳಗೊಳಗೇ ಕೆಟ್ಟುಹೋಗಿದ್ರೆ ಹೇಗೆ ಗೊತ್ತಾಗುತ್ತೆ?

ತೆರೆಯುವವರೆಗೆ ಗೊತ್ತಾಗುವುದಿಲ್ಲ, ಅದೇ ಕಷ್ಟ. ಅದಕ್ಕೆ ಪ್ರತಿ ಫೈಲಿನ ಚೆಕ್‌ಸಮ್, ಅಂದರೆ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಬರುವ ಒಂದು ಸಂಖ್ಯೆ, ತೆಗೆದು ಒಂದು ಪಟ್ಟಿ ಇಟ್ಟುಕೊಳ್ಳಿ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಹ್ಯಾಶ್‌ಮೈಫೈಲ್ಸ್, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್. ವರ್ಷಕ್ಕೊಮ್ಮೆ ಹೊಸದಾಗಿ ತೆಗೆದು ಹಳೆಯ ಪಟ್ಟಿಯ ಜೊತೆ ಹೋಲಿಸಿ. ಎಫ್‌ಎಲ್‌ಎಸಿ ಫೈಲಿನ ಒಳಗೇ ಇಂಥ ಸಂಖ್ಯೆ ಇರುತ್ತದೆ, ಅದನ್ನು ಪರೀಕ್ಷಿಸುವುದು ಇನ್ನೂ ಸುಲಭ. ಕೆಟ್ಟದ್ದು ಕಂಡರೆ ಬೇರೆ ಕಾಪಿಯಿಂದ ತನ್ನಿ.

ನಮ್ಮ ಸಂಘದ ಹಳೇ ಕಾರ್ಯಕ್ರಮಗಳನ್ನೆಲ್ಲ ನೆಟ್‌ಗೆ ಹಾಕಿ ಎಲ್ಲರಿಗೂ ಸಿಗೋ ಹಾಗೆ ಮಾಡಬಹುದಾ?

ಒಳ್ಳೆಯ ಆಸೆ, ಆದರೆ ಕೇಳಿ ಮಾಡಿ. ಪ್ರದರ್ಶನ ಕೊಟ್ಟ ಕಲಾವಿದರಿಗೆ ನಮ್ಮ ಕಾನೂನಿನಲ್ಲಿ 50 ವರ್ಷ ಹಕ್ಕಿದೆ. ಬರೆದ ಪದ್ಯ, ನಾಟಕಕ್ಕೆ ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ಪ್ರಕಟವಾದ ಧ್ವನಿಮುದ್ರಿಕೆಗೆ 60 ವರ್ಷ, ಅಂದರೆ 1964 ಮತ್ತು ಅದಕ್ಕಿಂತ ಹಿಂದಿನ ಗ್ರಾಮಫೋನ್ ತಟ್ಟೆಗಳ ಮುದ್ರಣದ ಹಕ್ಕು ಮುಗಿದಿದೆ, ಒಳಗಿನ ಸಾಹಿತ್ಯದ್ದು ಮುಗಿದಿದೆಯಾ ಎಂದು ಬೇರೆ ನೋಡಬೇಕು.

ಕಲಾವಿದರು ಅಥವಾ ಅವರ ಮನೆಯವರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ. ಕೇಳಿದರೆ ಬೇಡ ಅನ್ನುವವರು ಕಮ್ಮಿ. ಎಷ್ಟೋ ಸಲ ‘ನಮ್ಮ ಹತ್ತಿರವೂ ಎರಡು ಕ್ಯಾಸೆಟ್ ಇದೆ, ತಗೊಂಡು ಹೋಗಿ’ ಎನ್ನುತ್ತಾರೆ. ಒಪ್ಪಿಗೆ ಸಿಕ್ಕದ್ದನ್ನು ಇಂಟರ್‌ನೆಟ್ ಆರ್ಕೈವ್‌ಗೆ ಹಾಕಬಹುದು. ಅಲ್ಲಿ ಜಾಹೀರಾತು ಇಲ್ಲ, ಎಫ್‌ಎಲ್‌ಎಸಿಯನ್ನೂ ಹಾಗೇ ಇಡುತ್ತಾರೆ. ಒಪ್ಪಿಗೆ ಸಿಗದ್ದನ್ನು ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟು, ಬಂದು ಕೇಳುವವರಿಗೆ ಕೇಳಿಸಿ. ಸಮಿತಿ ಬದಲಾದಾಗ ಪಾಸ್‌ವರ್ಡ್, ಡಿಸ್ಕ್, ಪಟ್ಟಿ ಮೂರನ್ನೂ ಹೊಸ ಕಾರ್ಯದರ್ಶಿಗೆ ಸಹಿ ಹಾಕಿಸಿ ಒಪ್ಪಿಸಬೇಕು ಎಂದು ಮಹಾಸಭೆಯ ನಡಾವಳಿಯಲ್ಲಿ ಬರೆಸಿ.